ಸೂರತ್ ಬಂದರಿನ ಒಡತಿ ಜಹಾನಾರಾ ಬೇಗಮ್

ಅಧಿಕಾರ ಮತ್ತು ಸಂಪತ್ತು ಅಲ್ಲಾಹನು ತನ್ನ ದಾಸರಿಗೆ ವಹಿಸಿಕೊಡುವ ಅಮಾನತ್‌ಗಳಾಗಿವೆ. ಅವು ಯಾರ ಕೈಯಲ್ಲೂ ಶಾಶ್ವತವಾಗಿ ನಿಲ್ಲುವುದಿಲ್ಲ. ಇಂದು ಒಬ್ಬನ ಬಳಿ ಇರುವುದು ನಾಳೆ ಇನ್ನೊಬ್ಬನ ಪಾಲಾಗುತ್ತದೆ. ಆದರೆ ಅದು ಕೈಯಲ್ಲಿದ್ದಾಗ ಏನು ಮಾಡಿದೆ ಎಂಬ ಪ್ರಶ್ನೆ ಮನುಷ್ಯನನ್ನು ಬಿಟ್ಟು ಹೋಗುವುದಿಲ್ಲ. ಸಾಮ್ರಾಜ್ಯವನ್ನಾಳುವ ದೊರೆಗೂ, ಊರಿನ ಪಂಚಾಯತ್ ಸದಸ್ಯನಿಗೂ, ಮೊಹಲ್ಲಾದ ಜಮಾಅತ್‌ನ ಖಜಾಂಚಿಗೂ ಈ ಪ್ರಶ್ನೆ ಒಂದೇ ಆಗಿದೆ.

ನಮ್ಮ ದೇಶದ ಇತಿಹಾಸದಲ್ಲಿ ಒಂದು ಇಡೀ ಬಂದರು ನಗರದ ವರಮಾನವನ್ನು ತನ್ನ ಕೈಯಲ್ಲಿ ಪಡೆದಿದ್ದ ಓರ್ವ ಮಹಿಳೆಯಿದ್ದಳು. ಅವಳೇ ಮೊಗಲ್ ಚಕ್ರವರ್ತಿ ಶಾಹ್‌ಜಹಾನ್‌ನ ಮಗಳು ಜಹಾನಾರಾ ಬೇಗಮ್. ತಾಜ್‌ಮಹಲನ್ನು ಎಲ್ಲರೂ ಬಲ್ಲರು. ಅದರೊಳಗೆ ಮಲಗಿರುವ ತಾಯಿಯನ್ನೂ ಬಲ್ಲರು. ಆದರೆ ಆ ತಾಯಿಯ ಮಗಳು ಸೂರತ್ ನಗರದ ಬದುಕಿನೊಂದಿಗೆ ಹೊಂದಿದ್ದ ಸಂಬಂಧವನ್ನು ತಿಳಿದವರು ಕಡಿಮೆ.

ಹದಿನೇಳರ ಹರೆಯದ ಹೊಣೆ

ಜಹಾನಾರಾ 1614ರಲ್ಲಿ ಅಜ್ಮೀರ್‌ನಲ್ಲಿ ಜನಿಸಿದಳು. ಶಾಹ್‌ಜಹಾನ್ ಮತ್ತು ಮುಮ್ತಾಝ್ ಮಹಲ್ ದಂಪತಿಗಳ ಬದುಕುಳಿದ ಮಕ್ಕಳಲ್ಲಿ ಅವಳೇ ಹಿರಿಯಳು. ಕವಿ ತಾಲಿಬ್ ಆಮುಲಿಯ ಸಹೋದರಿಯೂ ವಿದುಷಿಯೂ ಆಗಿದ್ದ ಸತೀ ಉನ್ನಿಸಾ ಖಾನಮ್ ಅವಳ ಗುರು. ಅವರಿಂದ ಪಾರ್ಸಿ ಭಾಷೆಯನ್ನೂ ಕುರ್‌ಆನ್ ಪಾರಾಯಣವನ್ನೂ ಕಲಿತಳು.

1631ರಲ್ಲಿ ಮುಮ್ತಾಝ್ ಮಹಲ್ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೆಯ ಮಗುವಿಗೆ ಜನ್ಮ ನೀಡುವಾಗ ಇಹಲೋಕ ತ್ಯಜಿಸಿದಳು. ಆಗ ಜಹಾನಾರಾಳಿಗೆ ಹದಿನೇಳು ವರ್ಷ. ದುಃಖದಲ್ಲಿ ಮುಳುಗಿದ ತಂದೆಯನ್ನು ಸಂತೈಸುವ, ತಾಯಿಯಿಲ್ಲದ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಅವಳ ಹೆಗಲಿಗೆ ಬಂತು. ಅರಮನೆಯ ಮೊದಲ ಮಹಿಳೆಯೆಂಬ ಸ್ಥಾನವೂ ಅವಳದಾಯಿತು. ತಾಯಿ ಬಿಟ್ಟುಹೋದ ಸಂಪತ್ತಿನ ಅರ್ಧವನ್ನು ಚಕ್ರವರ್ತಿಯು ಜಹಾನಾರಾಳಿಗೆ ಕೊಟ್ಟು, ಉಳಿದರ್ಧವನ್ನು ಇತರ ಮಕ್ಕಳಿಗೆ ಹಂಚಿದನು. ತಾಯಿಯ ಮನೆವಾರ್ತೆಯ ಮೇಲ್ವಿಚಾರಕನಾಗಿದ್ದ ಇಸ್ಹಾಕ್ ಬೇಗ್ ಯಝ್ದಿ ಎಂಬ ನಂಬಿಗಸ್ತನು ಮಗಳ ಸೇವೆಗೆ ನಿಯುಕ್ತನಾದನು. ಹಕೀಕತ್ ಖಾನ್ ಎಂಬ ಬಿರುದು ಪಡೆದ ಇವನ ಹೆಸರು ಮುಂದೆ ಸೂರತ್‌ನ ಕಥೆಯಲ್ಲಿ ಮತ್ತೆ ಬರಲಿದೆ.

ಯೌವನದಲ್ಲೇ ಸಿರಿವಂತಳಾದ ಅವಳು ಸಿರಿಯಲ್ಲೇ ಕಳೆದುಹೋಗಲಿಲ್ಲ. ಖಾಜಾ ಮುಈನುದ್ದೀನ್ ಚಿಶ್ತಿಯವರ ಜೀವನವನ್ನು ಕುರಿತು 1639ರಲ್ಲಿ ಮೂನಿಸುಲ್ ಅರ್ವಾಹ್ ಎಂಬ ಗ್ರಂಥವನ್ನು ಬರೆದಳು. ಕಾಶ್ಮೀರದಲ್ಲಿ ನೆಲೆಸಿದ್ದ ಕಾದಿರಿ ಪರಂಪರೆಯ ಮುಲ್ಲಾ ಶಾಹ್ ಬದಖ್ಶಿಯವರನ್ನು ಗುರುವಾಗಿ ಸ್ವೀಕರಿಸಿ, ಅವರ ಕುರಿತೂ ಒಂದು ಕಿರುಗ್ರಂಥ ರಚಿಸಿದಳು. ಲೇಖನಿ ಹಿಡಿದ ರಾಜಕುಮಾರಿಯರು ವಿರಳವಾಗಿದ್ದ ಕಾಲವದು.

ಮಕ್ಕಾದ ಬಾಗಿಲು

ತಾಪಿ ನದಿಯ ದಡದಲ್ಲಿರುವ ಸೂರತ್ ಅಂದು ಭಾರತದ ಅತ್ಯಂತ ಶ್ರೀಮಂತ ಬಂದರಾಗಿತ್ತು. 1573ರಲ್ಲಿ ಅಕ್ಬರನು ಇದನ್ನು ಗೆದ್ದ ಬಳಿಕ ಉತ್ತರ ಭಾರತದ ಹಜ್ಜ್ ಯಾತ್ರಿಕರಿಗೆ ಇದೇ ಹೆಬ್ಬಾಗಿಲಾಯಿತು. ಜನರು ಇದನ್ನು ಮಕ್ಕಾದ ಬಾಗಿಲು ಎಂದೇ ಕರೆಯುತ್ತಿದ್ದರು. ಗುಜರಾತಿನ ಹತ್ತಿಬಟ್ಟೆ, ನೀಲಿ, ಮಸಾಲೆ ಪದಾರ್ಥಗಳು ಇಲ್ಲಿಂದ ಕೆಂಪು ಸಮುದ್ರದ ಬಂದರುಗಳಿಗೆ ಹೋಗುತ್ತಿದ್ದವು. ಅಲ್ಲಿಂದ ಬೆಳ್ಳಿ, ಚಿನ್ನ, ಕುದುರೆಗಳು ಬರುತ್ತಿದ್ದವು. ಬನಿಯಾ ಮತ್ತು ಜೈನ ವರ್ತಕರು, ಬೋಹ್ರಾಗಳು, ಪಾರ್ಸಿಗಳು, ಅರ್ಮೇನಿಯನರು, ಅರಬರು, ತುರ್ಕರು, ಇಂಗ್ಲಿಷರು, ಡಚ್ಚರು ಎಲ್ಲರೂ ಒಂದೇ ಊರಿನಲ್ಲಿ ವ್ಯಾಪಾರ ನಡೆಸುತ್ತಿದ್ದರು. ಜೈನ ವರ್ತಕ ವೀರ್ಜಿ ವೋರಾ ಇಲ್ಲಿಯವನೇ. ಇಂಗ್ಲಿಷ್ ಕಂಪೆನಿಯು ಅವನಿಂದ ಸಾಲ ಪಡೆಯುತ್ತಿತ್ತು.

ಇಂತಹ ನಗರದ ಆಡಳಿತ ಹೇಗಿತ್ತು? ಬಂದರಿನ ಅಧಿಕಾರಿಗೆ ಮುತಸದ್ದಿ ಎಂದು ಹೆಸರು. ನಾವು ಕನ್ನಡದಲ್ಲಿ ಬಳಸುವ ಮುತ್ಸದ್ದಿ ಎಂಬ ಪದ ಇದೇ ಮೂಲದ್ದು. ಇವನನ್ನು ರಾಜಧಾನಿಯಿಂದಲೇ ನೇಮಿಸಲಾಗುತ್ತಿತ್ತು. ಸುಂಕ ವಸೂಲಿ, ವ್ಯಾಪಾರಿಗಳ ದೂರು, ನಗರದ ಶಿಸ್ತು ಎಲ್ಲವೂ ಇವನ ಹೊಣೆ. ಕೋಟೆಯ ಅಧಿಕಾರಿ ಮಾತ್ರ ಬೇರೆಯವನು. ಅವನು ಮುತಸದ್ದಿಯ ಕೈಕೆಳಗಿನವನಾಗಿರಲಿಲ್ಲ. ಒಬ್ಬನೇ ಎಲ್ಲವನ್ನೂ ಹಿಡಿದುಕೊಂಡು ಸ್ವತಂತ್ರನಾಗದಂತೆ ಈ ವ್ಯವಸ್ಥೆ. ರಾತ್ರಿ ಕಾವಲು ಮತ್ತು ಕಳ್ಳಕಾಕರ ನಿಯಂತ್ರಣಕ್ಕೆ ಕೊತ್ವಾಲ, ನ್ಯಾಯ ತೀರ್ಮಾನಕ್ಕೆ ಖಾಝಿ, ಅಳತೆ ತೂಕ ಹಾಗೂ ಪೇಟೆಯ ನಡವಳಿಕೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಇದ್ದರು. ವರ್ತಕರಿಗೆ ತಮ್ಮದೇ ಆದ ಮಹಾಜನ ಸಂಘಗಳಿದ್ದವು. ಊರವರು ಆರಿಸಿದ ಸಭೆಯೆಂಬುದು ಇರಲಿಲ್ಲ. ಅಧಿಕಾರಿಯು ಒಳ್ಳೆಯವನಾದರೆ ಊರಿಗೆ ಸುಖ, ಕೆಟ್ಟವನಾದರೆ ಊರಿಗೆ ಕಷ್ಟ. ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಇದೇ ಆಗಿತ್ತು.

ಬೆಂಕಿಯಿಂದ ಪಾರಾದವಳಿಗೆ ಬಂದರಿನ ಉಡುಗೊರೆ

1644ರ ವಸಂತದಲ್ಲಿ ಆಗ್ರಾದ ಅರಮನೆಯಲ್ಲಿ ಒಂದು ದುರಂತ ಸಂಭವಿಸಿತು. ದೀಪದ ಕುಡಿ ತಗುಲಿ ಜಹಾನಾರಾಳ ಉಡುಪಿಗೆ ಬೆಂಕಿ ಹತ್ತಿಕೊಂಡಿತು. ತೆಳುವಾದ ಬಟ್ಟೆ ಕ್ಷಣಮಾತ್ರದಲ್ಲಿ ಉರಿದು ಮೈಯೆಲ್ಲ ಬೆಂದಿತು. ಬೆಂಕಿ ನಂದಿಸಲು ಮೈಮೇಲೆ ಬಿದ್ದ ಸೇವಕಿಯರಲ್ಲಿ ಇಬ್ಬರು ಸುಟ್ಟಗಾಯಗಳಿಂದ ಪ್ರಾಣ ಬಿಟ್ಟರು. ಒಡತಿಗಾಗಿ ಜೀವ ತೆತ್ತ ಆ ಹೆಣ್ಣುಮಕ್ಕಳನ್ನೂ ನಾವು ಈ ಕಥೆಯಲ್ಲಿ ಮರೆಯಬಾರದು.

ಚಕ್ರವರ್ತಿಯು ಮಗಳ ಹಾಸಿಗೆಯ ಬಳಿ ಕುಳಿತು ಶುಶ್ರೂಷೆ ಮಾಡಿದನು. ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆದನು. ದಿನವೂ ಬಡವರಿಗೆ ದಾನ ಕೊಡಿಸಿದನು, ಸೆರೆಯಾಳುಗಳನ್ನು ಬಿಡಿಸಿದನು. ದೇಶವಿದೇಶದ ಹಕೀಮರು ಚಿಕಿತ್ಸೆ ನೀಡಿದರು. ಕೊನೆಗೆ ಆರಿಫ್ ಎಂಬ ಅರಮನೆಯ ಗುಲಾಮನೊಬ್ಬನು ಕೊಟ್ಟ ಮುಲಾಮಿನಿಂದ ಗಾಯ ಮಾಯಿತು. ಇಂಗ್ಲಿಷ್ ವೈದ್ಯ ಬೌಟನ್ ಎಂಬವನು ರಾಜಕುಮಾರಿಯನ್ನು ಗುಣಪಡಿಸಿ, ಅದಕ್ಕೆ ಪ್ರತಿಫಲವಾಗಿ ತನ್ನ ಕಂಪೆನಿಗೆ ವ್ಯಾಪಾರದ ಹಕ್ಕು ಪಡೆದನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಆದರೆ ಅವನು ಸೂರತ್‌ನಿಂದ ಆಗ್ರಾಕ್ಕೆ ಹೊರಟದ್ದೇ 1645ರಲ್ಲಿ. ಕಥೆಗೆ ಆಧಾರವಿಲ್ಲ.

ವರ್ಷದ ಕೊನೆಯಲ್ಲಿ ಜಹಾನಾರಾ ಗುಣಮುಖಳಾದಾಗ ಅರಮನೆಯಲ್ಲಿ ಸಂಭ್ರಮ ನಡೆಯಿತು. ಆ ಸಂದರ್ಭದಲ್ಲಿ ತಂದೆ ಮಗಳಿಗೆ ಕೊಟ್ಟ ಉಡುಗೊರೆಗಳಲ್ಲಿ ದೊಡ್ಡದು ಸೂರತ್ ಬಂದರು. ಅಂದರೆ ಅದರ ಸುಂಕದ ವರಮಾನವು ಇನ್ನು ಮುಂದೆ ಅವಳ ಖಜಾನೆಗೆ ಸೇರುವುದು. ಅವಳು ಸೂರತ್‌ನಲ್ಲಿ ವಾಸಿಸಲಿಲ್ಲ. ಊರಿನ ದಿನನಿತ್ಯದ ಆಡಳಿತ ಅಧಿಕಾರಿಗಳ ಮೂಲಕವೇ ನಡೆಯಿತು. ಅವಳು ವ್ಯಾಪಾರವನ್ನೂ ಮಾಡಿದಳು, ಲಾಭವನ್ನೂ ಪಡೆದಳು. ಇದನ್ನು ಮರೆಮಾಚಿ ಅವಳನ್ನು ಕೇವಲ ಫಕೀರಳಂತೆ ಚಿತ್ರಿಸುವುದು ಸರಿಯಲ್ಲ. ಆದರೆ ಬಂದ ವರಮಾನದ ಒಂದು ಪಾಲು ಎಲ್ಲಿಗೆ ಹೋಯಿತೆಂಬುದನ್ನು ನೋಡಿದರೆ ಅವಳ ಮನಸ್ಸು ತಿಳಿಯುತ್ತದೆ.

ಸಾಹಿಬಿ ಹಡಗು ಮತ್ತು ಸರಾಯಿ

ಬಂದರು ಕೈಗೆ ಬರುವುದಕ್ಕೆ ಮುಂಚೆಯೇ, 1643ರಲ್ಲಿ, ಜಹಾನಾರಾ ಸಾಹಿಬಿ ಎಂಬ ತನ್ನ ಹಡಗನ್ನು ಪವಿತ್ರ ನಗರಗಳ ಕಡೆಗೆ ಮೊದಲ ಯಾನಕ್ಕೆ ಕಳುಹಿಸಲು ಆದೇಶಿಸಿದ್ದಳು. ಪ್ರತಿ ವರ್ಷವೂ ಈ ಹಡಗಿನಲ್ಲಿ ಮಕ್ಕಾದ ಬಡವರಿಗೆ ಹಂಚಲು 50 ಕೋನಿ, ಅಂದರೆ ಸುಮಾರು 200 ಮಣ ಅಕ್ಕಿಯನ್ನು ಒಯ್ಯಬೇಕೆಂದು ವಿಧಿಸಿದಳು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನವಲ್ಲ ಇದು. ವರ್ಷ ವರ್ಷವೂ ನಿಲ್ಲದೆ ಹರಿಯುವಂತೆ ಏರ್ಪಡಿಸಿದ ದಾನ.

ಅಂದಿನ ಹಜ್ಜ್ ಯಾತ್ರೆಯ ಕಷ್ಟವನ್ನು ಇಂದು ಊಹಿಸುವುದೂ ಕಷ್ಟ. ನಮ್ಮ ಕರಾವಳಿಯ ಹಿರಿಯರಲ್ಲಿ ಮುಂಬೈಯಿಂದ ಹಡಗಿನಲ್ಲಿ ಹೋಗಿಬಂದವರು ಅದರ ಅಲ್ಪ ರುಚಿ ಕಂಡಿದ್ದಾರೆ. ಆ ಹಡಗು ಯಾನ 1995ರಲ್ಲಿ ನಿಂತುಹೋಯಿತು. ಮೊಗಲರ ಕಾಲದಲ್ಲಾದರೋ ಹಡಗುಗಳು ಗಾಳಿಯನ್ನೇ ನಂಬಿ ಸಾಗಬೇಕು. ಮಳೆಗಾಲಕ್ಕೆ ಮುಂಚೆ ಹೊರಡದಿದ್ದರೆ ಆ ವರ್ಷದ ಯಾತ್ರೆ ತಪ್ಪಿದಂತೆಯೇ. ಲಾಹೋರ್, ದಿಲ್ಲಿ, ಆಗ್ರಾಗಳಿಂದ ತಿಂಗಳುಗಟ್ಟಲೆ ನಡೆದು ಬಂದ ಯಾತ್ರಿಕರು ಹಡಗಿಗಾಗಿ ಸೂರತ್‌ನಲ್ಲಿ ದಿನಗಟ್ಟಲೆ ಕಾಯಬೇಕಾಗಿತ್ತು. ಮುದುಕರು, ಮಹಿಳೆಯರು, ರೋಗಿಗಳು ಎಲ್ಲಿ ತಂಗಬೇಕು? ಬುತ್ತಿಯ ಗಂಟನ್ನು ಯಾರನ್ನು ನಂಬಿ ಇಡಬೇಕು?

ಈ ಪ್ರಶ್ನೆಗೆ ಕಲ್ಲು ಗಾರೆಯ ಉತ್ತರವೊಂದು 1644ರಲ್ಲಿ ಎದ್ದು ನಿಂತಿತು. ಜಹಾನಾರಾಳ ನಂಬಿಗಸ್ತ ಹಕೀಕತ್ ಖಾನನು ಸೂರತ್‌ನಲ್ಲಿ ಒಂದು ವಿಶಾಲವಾದ ಸರಾಯಿಯನ್ನು ಕಟ್ಟಿಸಿದನು. ನಡುವೆ ತೆರೆದ ಅಂಗಳ, ಸುತ್ತಲೂ ಕೋಣೆಗಳ ಸಾಲು, ಭದ್ರವಾದ ಹೆಬ್ಬಾಗಿಲು. ದೂರದಿಂದ ಬಂದ ಯಾತ್ರಿಕನು ಇಲ್ಲಿ ನಿಶ್ಚಿಂತೆಯಿಂದ ಮಲಗಬಹುದಾಗಿತ್ತು. ಇದೇ ಮೊಗಲ್ ಸರಾಯಿ. ಸೂರತ್‌ನ ಜನರ ಬಾಯಲ್ಲಿ ಇದು ಮುಗ್ಲೀಸರಾ ಆಗಿದೆ.

ಮುಂದೆ ದಿಲ್ಲಿಯಲ್ಲಿ ಶಾಹ್‌ಜಹಾನಾಬಾದ್ ನಗರ ನಿರ್ಮಾಣವಾದಾಗ ಚಾಂದನಿ ಚೌಕ್ ಪೇಟೆಯನ್ನು 1650ರ ಸುಮಾರಿಗೆ ರೂಪಿಸಿದವಳೂ ಜಹಾನಾರಾಳೇ. ಅದರ ಪಕ್ಕದಲ್ಲಿ ಒಂದು ತೋಟವನ್ನೂ, ವರ್ತಕರಿಗಾಗಿ ಭವ್ಯವಾದ ಸರಾಯಿಯನ್ನೂ ನಿರ್ಮಿಸಿದಳು. ಫ್ರೆಂಚ್ ಪ್ರವಾಸಿ ಬರ್ನಿಯರ್ ಅದನ್ನು ನೋಡಿ, ಪ್ಯಾರಿಸ್‌ನಲ್ಲೂ ಇಂತಹವು ಇದ್ದರೆ ಹೊಸಬರಿಗೆ ಎಷ್ಟು ಅನುಕೂಲವೆಂದು ಬರೆದಿದ್ದಾನೆ. ಆಗ್ರಾದ ಜಾಮಿಅ ಮಸೀದಿಯನ್ನು 1648ರಲ್ಲಿ ಪೂರ್ತಿಗೊಳಿಸಿದ್ದು ಅವಳ ಸ್ವಂತ ಐದು ಲಕ್ಷ ರೂಪಾಯಿಗಳಿಂದ. ನಮಾಝಿಗೆ ಸ್ಥಳ, ದಾರಿಹೋಕನಿಗೆ ತಂಗುದಾಣ, ವ್ಯಾಪಾರಿಗೆ ಪೇಟೆ, ಜನರಿಗೆ ತೋಟ. ಒಂದು ನಗರಕ್ಕೆ ಬೇಕಾದುದೇನೆಂದು ಅವಳಿಗೆ ತಿಳಿದಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ತಂದೆಯೊಂದಿಗೆ ಸೆರೆವಾಸ

ಲೋಕದ ಸಿರಿ ಎಷ್ಟು ಬೇಗ ಕೈಜಾರುತ್ತದೆಂಬುದಕ್ಕೂ ಅವಳ ಬದುಕೇ ಸಾಕ್ಷಿ. 1657ರಲ್ಲಿ ಶಾಹ್‌ಜಹಾನ್ ಕಾಯಿಲೆ ಬಿದ್ದನು. ನಾಲ್ವರು ಗಂಡುಮಕ್ಕಳು ಸಿಂಹಾಸನಕ್ಕಾಗಿ ಕತ್ತಿ ಹಿಡಿದರು. ಜಹಾನಾರಾ ಹಿರಿಯ ತಮ್ಮ ದಾರಾ ಶಿಕೋಹನ ಪರವಾಗಿದ್ದಳು. ಆದರೂ ಅಣ್ಣತಮ್ಮಂದಿರ ರಕ್ತ ಹರಿಯಬಾರದೆಂದು ಔರಂಗಝೇಬನ ಬಳಿಗೆ ಹೋಗಿ ಸಂಧಾನಕ್ಕೆ ಪ್ರಯತ್ನಿಸಿದಳು. ಅದು ಫಲಿಸಲಿಲ್ಲ. 1658ರಲ್ಲಿ ಔರಂಗಝೇಬನು ಗೆದ್ದು, ತಂದೆಯನ್ನು ಆಗ್ರಾ ಕೋಟೆಯಲ್ಲಿ ಬಂಧನದಲ್ಲಿಟ್ಟನು.

ಗೆದ್ದವನ ಆಸ್ಥಾನ ಸೇರಿ ಸುಖವಾಗಿರುವ ಬದಲು ಅವಳು ಸೋತ ತಂದೆಯೊಂದಿಗೆ ಕೋಟೆಯೊಳಗೆ ಉಳಿದಳು. 1666ರ ಆರಂಭದಲ್ಲಿ ಶಾಹ್‌ಜಹಾನ್ ಕಣ್ಣುಮುಚ್ಚುವವರೆಗೆ, ಎಂಟು ವರ್ಷಗಳ ಕಾಲ, ಅವನ ಸೇವೆ ಮಾಡಿದಳು. ಮಾತಾಪಿತರ ಸೇವೆಯೆಂಬುದು ಅವರು ಸಿಂಹಾಸನದಲ್ಲಿರುವಾಗ ಸುಲಭ. ಅವರು ಎಲ್ಲವನ್ನೂ ಕಳೆದುಕೊಂಡಾಗ ಮಾಡುವುದೇ ನಿಜವಾದ ಸೇವೆ.

ಹೊಣೆಗೇಡಿಗಳ ಕೈಯಲ್ಲಿ ನಗರ

ಅವಳು ಆಗ್ರಾ ಕೋಟೆಯಲ್ಲಿದ್ದ ವರ್ಷಗಳಲ್ಲೇ ಸೂರತ್ ತನ್ನ ಅತಿ ಕಷ್ಟದ ದಿನಗಳನ್ನು ಕಂಡಿತು. 1664ರ ಜನವರಿಯಲ್ಲಿ ಶಿವಾಜಿಯ ಸೈನ್ಯವು ನಗರಕ್ಕೆ ನುಗ್ಗಿ ನಾಲ್ಕು ದಿನ ಸೂರೆ ಮಾಡಿತು. ಆಗಿನ ಅಧಿಕಾರಿ ಇನಾಯತ್ ಖಾನನು ಮಾಡಿದ್ದೇನು? ಊರಿನ ಜನರನ್ನು ಅವರ ಪಾಡಿಗೆ ಬಿಟ್ಟು ತಾನು ಕೋಟೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡನು. ನಗರದ ರಕ್ಷಣೆಗೆಂದು ಸೈನಿಕರ ಸಂಬಳದ ಹಣವನ್ನು ಖಜಾನೆಯಿಂದ ಪಡೆಯುತ್ತಿದ್ದರೂ ಅಷ್ಟು ಸೈನಿಕರನ್ನು ಅವನು ಇಟ್ಟಿರಲಿಲ್ಲವೆಂದು ಇತಿಹಾಸಕಾರರು ಬರೆದಿದ್ದಾರೆ. ಕಾಗದದಲ್ಲಿ ಸೈನ್ಯವಿತ್ತು, ಬೀದಿಯಲ್ಲಿ ಇರಲಿಲ್ಲ. ಸುಟ್ಟುಹೋದದ್ದು ಅವನ ಮನೆಯಲ್ಲ, ಬಡವರ ಮತ್ತು ವರ್ತಕರ ಮನೆಗಳು.

1669ರಲ್ಲಿ ಇನ್ನೊಂದು ಘಟನೆ ನಡೆಯಿತು. ಸೂರತ್‌ನ ಖಾಝಿಯೊಬ್ಬನು ಬನಿಯಾ ವರ್ತಕರ ಮೇಲೆ ಮತಾಂತರಕ್ಕಾಗಿ ಒತ್ತಡ ಹೇರಿ, ಅವರನ್ನು ಬಗೆಬಗೆಯಾಗಿ ಪೀಡಿಸಿದನು. ಇದನ್ನು ತಾಳಲಾರದೆ ಸುಮಾರು 8,000 ಮಂದಿ ಸೆಪ್ಟೆಂಬರ್‌ನಲ್ಲಿ ಮನೆಮಠ ಬಿಟ್ಟು ಭರೂಚ್‌ಗೆ ಹೊರಟುಹೋದರು. ಸೂರತ್‌ನ ಪೇಟೆ ಬರಿದಾಯಿತು, ಸುಂಕದ ಕಟ್ಟೆ ನಿಶ್ಶಬ್ದವಾಯಿತು. ಕೊನೆಗೆ ಚಕ್ರವರ್ತಿಯಿಂದಲೇ ಅಭಯದ ಪತ್ರ ಬಂದ ಮೇಲೆ ಡಿಸೆಂಬರ್‌ನಲ್ಲಿ ಅವರು ಹಿಂದಿರುಗಿದರು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬುದು ಇಸ್ಲಾಮಿನ ಮೂಲಪಾಠ. ನ್ಯಾಯಪೀಠದಲ್ಲಿ ಕುಳಿತವನೇ ಅದನ್ನು ಮರೆತರೆ ಅವನು ಕೆಡಿಸುವುದು ತನ್ನ ಪರಲೋಕವನ್ನು ಮಾತ್ರವಲ್ಲ, ಇಡೀ ಊರಿನ ಬದುಕನ್ನೂ ಧರ್ಮದ ಹೆಸರನ್ನೂ ಕೆಡಿಸುತ್ತಾನೆ.

ಮುತಸದ್ದಿಯ ಪದವಿ, ಖಾಝಿಯ ಪೀಠ, ಬಂದರಿನ ಒಡೆತನ ಇವೆಲ್ಲ ಒಂದೇ ನಗರದಲ್ಲಿ ಒಂದೇ ಶತಮಾನದಲ್ಲಿ ಇದ್ದವು. ಒಬ್ಬನು ಜನರನ್ನು ಬಿಟ್ಟು ಓಡಿದನು. ಇನ್ನೊಬ್ಬನು ಜನರನ್ನೇ ಓಡಿಸಿದನು. ಬಂದರಿನ ಒಡತಿಯ ಹೆಸರಿನೊಂದಿಗೆ ಮಾತ್ರ ಬಂದವರಿಗೆ ನೆರಳು ಕೊಟ್ಟ ಸರಾಯಿ ಉಳಿದಿದೆ.

ಕೊನೆಯ ದಿನಗಳು

ತಂದೆಯ ಮರಣಾನಂತರ ಔರಂಗಝೇಬನು ಅಕ್ಕನನ್ನು ಗೌರವದಿಂದ ಬರಮಾಡಿಕೊಂಡು ಹಿಂದಿನ ಸ್ಥಾನವನ್ನು ಮರಳಿ ನೀಡಿದನು. ಆದರೆ ಆ ಗೌರವಕ್ಕಾಗಿ ಅವಳು ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. 1679ರಲ್ಲಿ ಮುಸ್ಲಿಮೇತರರ ಮೇಲೆ ಜಿಝಿಯಾ ತೆರಿಗೆಯನ್ನು ಮತ್ತೆ ವಿಧಿಸಿದಾಗ, ಅದನ್ನು ಕೈಬಿಡುವಂತೆ ಅವಳು ತಮ್ಮನನ್ನು ಬೇಡಿಕೊಂಡಳೆಂದು ಇಟಲಿಯ ಪ್ರವಾಸಿ ಮನೂಚಿ ದಾಖಲಿಸಿದ್ದಾನೆ. ಅವಳ ಮಾತು ನಡೆಯಲಿಲ್ಲ. ಆದರೆ ಆಳುವವನ ಎದುರು ತನಗೆ ಸರಿ ಕಂಡುದನ್ನು ಹೇಳುವ ಧೈರ್ಯ ಅವಳಲ್ಲಿತ್ತು.

1681ರ ಸೆಪ್ಟೆಂಬರ್‌ನಲ್ಲಿ, ಪವಿತ್ರ ರಮಝಾನ್ ತಿಂಗಳ ಆರಂಭದಲ್ಲಿ, ಜಹಾನಾರಾ ಬೇಗಮ್ ಅಲ್ಲಾಹನ ಕರೆಗೆ ಓಗೊಟ್ಟಳು. ತನ್ನ ಮೂರು ಕೋಟಿ ರೂಪಾಯಿಗಳ ಸಂಪತ್ತನ್ನೆಲ್ಲ ದಿಲ್ಲಿಯ ನಿಝಾಮುದ್ದೀನ್ ದರ್ಗಾದವರಿಗೆ ಕೊಡಬೇಕೆಂದು ಅವಳು ವಸಿಯ್ಯತ್ ಮಾಡಿದ್ದಳೆಂದೂ, ಶರೀಅತ್‌ನ ಪ್ರಕಾರ ಮೂರನೆಯ ಒಂದಂಶಕ್ಕಿಂತ ಹೆಚ್ಚಿಗೆ ವಸಿಯ್ಯತ್ ಸಲ್ಲದೆಂದು ಔರಂಗಝೇಬನು ಒಂದು ಕೋಟಿಯನ್ನಷ್ಟೇ ಕೊಡಿಸಿದನೆಂದೂ ಹೇಳಲಾಗುತ್ತದೆ. ವಸಿಯ್ಯತ್‌ಗೆ ಮೂರನೆಯ ಒಂದಂಶದ ಮಿತಿಯನ್ನು ಪ್ರವಾದಿವರ್ಯರು(ಸ) ಸಅದ್ ಬಿನ್ ಅಬೀ ವಕ್ಕಾಸ್‌ರಿಗೆ(ರ) ತಿಳಿಸಿದ್ದರು. ದಾನದ ಹುಮ್ಮಸ್ಸಿನಲ್ಲೂ ವಾರೀಸುದಾರರ ಹಕ್ಕು ಅಳಿಯಬಾರದೆಂಬುದು ಇದರ ತಿರುಳು. ಕೊಡುವವರು ಆರೋಗ್ಯವಾಗಿರುವಾಗಲೇ ಕೊಡಬೇಕೆಂಬ ಪಾಠವೂ ಇದರಲ್ಲಿದೆ. ಜಹಾನಾರಾಳ ಸರಾಯಿ, ಮಸೀದಿ, ಮಕ್ಕಾದ ಅಕ್ಕಿ ಇವೆಲ್ಲ ಅವಳು ಬದುಕಿದ್ದಾಗಲೇ ಕೊಟ್ಟವು. ಅವಕ್ಕೆ ಯಾವ ಮಿತಿಯೂ ಅಡ್ಡ ಬರಲಿಲ್ಲ.

ಅವಳ ಗೋರಿ ನಿಝಾಮುದ್ದೀನ್ ದರ್ಗಾದ ಅಂಗಳದಲ್ಲಿದೆ. ತಾಯಿಗೆ ತಾಜ್‌ಮಹಲಿನ ಗುಮ್ಮಟ, ಮಗಳಿಗೆ ತೆರೆದ ಆಕಾಶ. ಅಮೃತಶಿಲೆಯ ಚೌಕಟ್ಟಿನ ನಡುವೆ ಬರೀ ಮಣ್ಣು, ಅದರ ಮೇಲೆ ಹಸಿರು ಹುಲ್ಲು. ಅವಳು ಬಯಸಿದ್ದೂ ಇದನ್ನೇ.

ಸರಾಯಿಯಲ್ಲಿ ನಗರಸಭೆ

ಬಂದರಿನ ಭಾಗ್ಯ ಬಹುಕಾಲ ಉಳಿಯಲಿಲ್ಲ. ಇಂಗ್ಲಿಷ್ ಕಂಪೆನಿ 1687ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಮುಂಬೈಗೆ ಸಾಗಿಸಿತು. ಮೊಗಲ್ ಆಡಳಿತ ಸಡಿಲಗೊಂಡಂತೆ ವ್ಯಾಪಾರವೂ ಸಡಿಲಗೊಂಡಿತು. ತಾಪಿಯಲ್ಲಿ ಹೂಳು ತುಂಬಿತು. 1759ರಲ್ಲಿ ಕೋಟೆ, 1800ರಲ್ಲಿ ಇಡೀ ಆಡಳಿತ ಇಂಗ್ಲಿಷರ ಪಾಲಾಯಿತು. ನವಾಬನು ಪಿಂಚಣಿದಾರನಾದನು. ಹಜ್ಜ್ ಹಡಗುಗಳು ಮುಂಬೈಯಿಂದ ಹೊರಡತೊಡಗಿದವು. ಮಕ್ಕಾದ ಬಾಗಿಲು ಮುಚ್ಚಿತು.

1852ರಲ್ಲಿ ಸೂರತ್‌ನಲ್ಲಿ ಪುರಸಭೆ ಸ್ಥಾಪನೆಯಾಯಿತು. 1867ರಲ್ಲಿ ಅದಕ್ಕೆ ಕಚೇರಿಯಾಗಿ ದೊರೆತದ್ದು ಆ ಹಳೆಯ ಮೊಗಲ್ ಸರಾಯಿ. 1966ರಲ್ಲಿ ಪುರಸಭೆಯು ಮಹಾನಗರಪಾಲಿಕೆಯಾದಾಗಲೂ ಕಚೇರಿ ಅಲ್ಲೇ ಉಳಿಯಿತು. ದಿಲ್ಲಿಯಲ್ಲಿ ನಡೆದದ್ದೂ ವಿಚಿತ್ರ. 1857ರ ಬಂಡಾಯದ ನಂತರ ಇಂಗ್ಲಿಷರು ಚಾಂದನಿ ಚೌಕ್‌ನಲ್ಲಿದ್ದ ಜಹಾನಾರಾಳ ಸರಾಯಿಯನ್ನು ಕೆಡವಿದರು. ಆ ಜಾಗದಲ್ಲಿ 1860ರ ದಶಕದಲ್ಲಿ ಟೌನ್‌ಹಾಲ್ ಎದ್ದಿತು. ದಿಲ್ಲಿಯ ನಗರಾಡಳಿತ ದೀರ್ಘಕಾಲ ಅಲ್ಲಿಂದಲೇ ನಡೆಯಿತು. ಹೀಗೆ ಎರಡು ನಗರಗಳ ಸಭೆಗಳು ಅವಳ ಹೆಸರಿಗೆ ಸಂಬಂಧಿಸಿದ ಸರಾಯಿಗಳ ನೆಲದಲ್ಲಿ ಕುಳಿತವು.

ಸೂರತ್‌ನ ಈ ಕಟ್ಟಡ ವಕ್ಫ್ ಆಸ್ತಿಯೆಂದು 2021ರಲ್ಲಿ ಗುಜರಾತ್ ವಕ್ಫ್ ಮಂಡಳಿಯು ಘೋಷಿಸಿತು. 2024ರಲ್ಲಿ ವಕ್ಫ್ ನ್ಯಾಯಮಂಡಳಿಯು ಆ ಘೋಷಣೆಯನ್ನು ರದ್ದುಗೊಳಿಸಿತು. ಕಾನೂನಿನ ವಿಷಯವನ್ನು ನ್ಯಾಯಾಲಯಗಳು ನೋಡುತ್ತವೆ. ನಾವು ನೋಡಬೇಕಾದುದು ಬೇರೆ. ಕಟ್ಟಡದ ದಾಖಲೆ ಯಾರ ಹೆಸರಿನಲ್ಲಿದ್ದರೂ, ಅದರೊಳಗೆ ಕುಳಿತವನು ದಾರಿಹೋಕನ ಮತ್ತು ಬಡವನ ಹಿತ ಕಾಯುತ್ತಿದ್ದಾನೆಯೇ ಎಂಬುದೇ ಮೂಲ ಪ್ರಶ್ನೆ.

ಆ ಪ್ರಶ್ನೆಗೆ ಸೂರತ್ ಇತ್ತೀಚಿನ ಕಾಲದಲ್ಲೂ ಎರಡು ಬಗೆಯಲ್ಲಿ ಉತ್ತರಿಸಿದೆ. 1994ರ ಸೆಪ್ಟೆಂಬರ್‌ನಲ್ಲಿ ನೆರೆ ಇಳಿದ ಮೇಲೆ ಕೊಳೆತ ಕಸದ ರಾಶಿಗಳ ನಡುವೆ ಪ್ಲೇಗ್ ಕಾಣಿಸಿಕೊಂಡು, ಲಕ್ಷಾಂತರ ಜನರು ಊರು ಬಿಟ್ಟು ಓಡಿದರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿ ಕಸ ಎತ್ತಿಸಿದರು, ಅಕ್ರಮ ಕಟ್ಟಡಗಳನ್ನು ಬಡವ ಬಲ್ಲಿದನೆನ್ನದೆ ತೆರವುಗೊಳಿಸಿದರು. ಎರಡೇ ವರ್ಷಗಳಲ್ಲಿ ಸೂರತ್ ದೇಶದ ಅತ್ಯಂತ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ನಗರ ಅದೇ, ಕಚೇರಿ ಅದೇ, ಸಿಬ್ಬಂದಿಯೂ ಬಹುಮಟ್ಟಿಗೆ ಅವರೇ. ಬದಲಾದದ್ದು ಹೊಣೆಗಾರಿಕೆಯ ಪ್ರಜ್ಞೆ ಮಾತ್ರ. ಶುಚಿತ್ವವು ಈಮಾನಿನ ಭಾಗವೆಂದು ನಂಬುವ ನಮಗೆ ಈ ಘಟನೆ ನಾಚಿಕೆಯನ್ನೂ ಪ್ರೇರಣೆಯನ್ನೂ ನೀಡಬೇಕು.

ಜಹಾನಾರಾಳಂತೆ ಬಂದರಿನ ವರಮಾನ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ನಮ್ಮ ಕೈಯಲ್ಲೂ ಏನಾದರೊಂದು ಇದೆ. ಮಸೀದಿಯ ಲೆಕ್ಕಪುಸ್ತಕ, ಶಾಲೆಯ ಸಮಿತಿ, ವಾರ್ಡಿನ ಸದಸ್ಯತ್ವ, ಅನಾಥ ಮಕ್ಕಳ ಆಸ್ತಿಯ ಉಸ್ತುವಾರಿ, ಕೊನೆಗೆ ಒಂದು ಮತ. ಅದನ್ನು ಇನಾಯತ್ ಖಾನನಂತೆ ಬಳಸಿದರೆ ಅದು ಕಾಗದದ ಸೈನ್ಯವಾಗುತ್ತದೆ. ದಾರಿಹೋಕನ ನೆರಳಿಗಾಗಿ ಬಳಸಿದರೆ ಮುನ್ನೂರೆಂಬತ್ತು ವರ್ಷಗಳ ನಂತರವೂ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಕಪ್ಪದ ಚಿನ್ನವೆಲ್ಲ ಕರಗಿಹೋಯಿತು, ಸಿಂಹಾಸನವನ್ನು ಪರಕೀಯರು ಹೊತ್ತೊಯ್ದರು. ಸರಾಯಿಯ ಗೋಡೆಗಳು ನಿಂತಿವೆ.

ನಮ್ಮ ಕೈಗೆ ಬಂದ ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.